ಗೇಣಿದಾರರು ಅಕ್ಷರ ಕೇಳಿ ಬಂದ ಕಾಲ

ಚೀನಾ ದೇಶದ ನೈಋತ್ಯದಲ್ಲಿ, ಯುನ್ನಾನ್ ಮತ್ತು ಗುಯ್‌ಝೌ ಪ್ರಾಂತಗಳ ಎಲ್ಲೆ ಕೂಡುವಲ್ಲಿ, ವುಮೆಂಗ್ ಎಂಬ ಪರ್ವತಶ್ರೇಣಿಯಿದೆ. ಎರಡು ಸಾವಿರ ಮೀಟರಿಗೂ ಮೇಲಿನ ಆ ನೆಲಕ್ಕೆ ಭತ್ತ ಒಗ್ಗುವುದಿಲ್ಲ. ಮುಸುಕಿನ ಜೋಳ, ಓಟ್ಸ್, ಆಲೂಗೆಡ್ಡೆಗಳೇ ಅಲ್ಲಿನವರ ಜೀವಾಧಾರ. ಇಪ್ಪತ್ತನೆಯ ಶತಮಾನ ಕಣ್ಣು ಬಿಡುವ ಹೊತ್ತಿಗೆ ಈ ಬೆಟ್ಟಗಳ ಇಳಿಜಾರಿನಲ್ಲಿ ಆ-ಹ್ಮಾವ್ ಎಂಬ ಬುಡಕಟ್ಟು ಬಾಳುತ್ತಿತ್ತು. ಚೀನೀಯರು ಇವರನ್ನು ಮಿಯಾವ್ ಎಂಬ ದೊಡ್ಡ ಜನಸಮೂಹದೊಳಗೆ ಸೇರಿಸಿ, ಉಡುಗೆಯ ಚಿತ್ತಾರ ನೋಡಿ ‘ಹೂ ಮಿಯಾವ್’ ಎಂದು ಕರೆದರು. ಸೆಣಬು ಬೆಳೆಯುವುದು, ನಾರು ಬಿಡಿಸುವುದು, ನೂಲುವುದು, ನೇಯುವುದು, ಮೇಣದ ಗೆರೆ ಎಳೆದು ಬಣ್ಣಕ್ಕೆ ಅದ್ದುವುದು ಎಲ್ಲವೂ ಹೆಂಗಸರ ಕೈಯ ಕೆಲಸ. ತಾಯಿಯಾದವಳು ತಲೆಗೂದಲನ್ನು ಕೊಂಬಿನಂತೆ ಮೇಲಕ್ಕೆ ಸುತ್ತಿ ಕಟ್ಟುತ್ತಿದ್ದಳು. ಬೇಟೆಯಲ್ಲಿ, ಹಾಡಿನಲ್ಲಿ, ಬಿದಿರಿನ ವಾದ್ಯದಲ್ಲಿ ನಿಪುಣರಾದ ಈ ಜನ ಉತ್ತುಬಿತ್ತುವ ಭೂಮಿಯಲ್ಲಿ ಒಂದು ಗೇಣೂ ಅವರದಾಗಿರಲಿಲ್ಲ.

ಭೂಮಿ ನೋಸು ಒಡೆಯರದು. ಚೀನೀಯರು ‘ಯೀ’ ಎನ್ನುವ ಈ ನೋಸುಗಳು ಕೂಡ ಬೆಟ್ಟದ ಜನವೇ. ಆದರೆ ಆಳಿದ ಜನ. ಚಿಂಗ್ ಮನೆತನದ ಯೋಂಗ್‌ಝೆಂಗ್ ಚಕ್ರವರ್ತಿಯ ಕಾಲದಲ್ಲಿ ಓರ್ತಾಯ್ ಎಂಬ ಪ್ರಾಂತಾಧಿಪತಿ ಇವರ ಸಂಸ್ಥಾನಗಳನ್ನು ಒಂದೊಂದಾಗಿ ಮುರಿದು ಸಾಮ್ರಾಜ್ಯಕ್ಕೆ ಸೇರಿಸಿದ. 1730ರಲ್ಲಿ ವುಮೆಂಗ್ ದಂಗೆ ಎದ್ದಿತು. ದಂಗೆಯನ್ನು ನೆತ್ತರಿನಲ್ಲಿ ಮುಳುಗಿಸಿ, ಮರುವರ್ಷ ಆ ಊರಿಗೆ ಝಾವೋತೊಂಗ್ ಎಂಬ ಹೊಸ ಹೆಸರಿಟ್ಟರು. ದೊಡ್ಡ ಅರಸರು ಹೋದರು. ಅವರ ಕೆಳಗಿನ ಸಣ್ಣ ಒಡೆಯರು ಮಾತ್ರ ಕೋಟೆಯಂಥ ಮನೆಗಳಲ್ಲಿ, ಸ್ವಂತ ಕಾವಲು ಪಡೆಯೊಂದಿಗೆ, ಇನ್ನೂರು ವರ್ಷ ಉಳಿದುಕೊಂಡರು. ಮಿಯಾವರು ಅವರ ಗೇಣಿದಾರರು. ಗೇಣಿಯ ಧಾನ್ಯವಲ್ಲದೆ ಒಡೆಯನ ಮನೆಯಲ್ಲಿ ಮದುವೆಯಾದರೆ ಕಾಣಿಕೆ, ಸಾವಾದರೆ ಕಾಣಿಕೆ, ಮೇಲೆ ಬಿಟ್ಟಿ ದುಡಿಮೆ. ತಪ್ಪಿದರೆ ಒಡೆಯನೇ ನ್ಯಾಯಾಧೀಶ, ಒಡೆಯನ ಮನೆಯೇ ಸೆರೆಮನೆ. ಚೀನೀ ಅಧಿಕಾರಿಯ ಕಚೇರಿ ದೂರ. ಅಲ್ಲಿ ದೂರು ಬರೆದುಕೊಡಬಲ್ಲ ಮಿಯಾವ್ ಒಬ್ಬನೂ ಇರಲಿಲ್ಲ.

ಬರೆಯಲಾರದ್ದು ಅವರಿಗೆ ಬರಿಯ ಕೊರತೆಯಾಗಿ ಕಂಡಿರಲಿಲ್ಲ, ಕಳವಾಗಿ ಕಂಡಿತ್ತು. ಹಿಂದೊಮ್ಮೆ ನಮಗೂ ಪುಸ್ತಕಗಳಿದ್ದವು, ಶತ್ರುಗಳು ಅಟ್ಟಿಸಿಕೊಂಡು ಬಂದಾಗ ಹೊಳೆ ದಾಟುವಲ್ಲಿ ಕಳೆದುಕೊಂಡೆವು, ನೆನಪಿಗೆ ಉಳಿದದ್ದನ್ನು ಹೆಂಗಸರು ಉಡುಗೆಯ ಮೇಲೆ ಚಿತ್ತಾರವಾಗಿ ಇಳಿಸಿದರು ಎಂದು ಹಿರಿಯರು ಹೇಳುತ್ತಿದ್ದರು. ಇದರ ಜೊತೆಗೆ ಇನ್ನೊಂದು ನಂಬಿಕೆಯೂ ಇತ್ತು: ಮಿಯಾವರ ಅರಸನೊಬ್ಬ ಎಂದಾದರೂ ಬರುತ್ತಾನೆ. ಗುಯ್‌ಝೌ ಪ್ರಾಂತದಲ್ಲಿ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಮಿಯಾವರು ಮತ್ತೆ ಮತ್ತೆ ದಂಗೆ ಎದ್ದದ್ದರ ಹಿಂದೆ ಹಸಿವೂ ಇತ್ತು, ಈ ಅರಸನ ನಿರೀಕ್ಷೆಯೂ ಇತ್ತು. 1854ರಲ್ಲಿ ಮೊದಲಾದ ಕಡೆಯ ದೊಡ್ಡ ದಂಗೆಯನ್ನು ಹತ್ತಿಕ್ಕಲು ಸರಕಾರಕ್ಕೆ ಇಪ್ಪತ್ತು ವರ್ಷ ಹಿಡಿಯಿತು. ಆದ್ದರಿಂದ ನಾಲ್ಕು ಮಿಯಾವರು ಒಂದೆಡೆ ಸೇರಿ ಪಿಸುಗುಟ್ಟಿದರೂ ಅಧಿಕಾರಿಗಳ ಕಿವಿ ನಿಮಿರುತ್ತಿತ್ತು.

ಇಂಥ ನೆಲಕ್ಕೆ ಪಾದ್ರಿಗಳು ಕಾಲಿಟ್ಟರು. ಅವರ ಹಿಂದೆ ಏನಿತ್ತೆಂಬುದನ್ನು ಮರೆಮಾಚುವುದು ತರವಲ್ಲ. ಅಫೀಮು ಯುದ್ಧಗಳಲ್ಲಿ ಸೋತ ಚೀನಾ 1860ರ ಒಪ್ಪಂದದ ಬಳಿಕ ಒಳನಾಡನ್ನು ಕ್ರೈಸ್ತ ಪ್ರಚಾರಕರಿಗೆ ತೆರೆದುಕೊಡಬೇಕಾಯಿತು. ಪಾದ್ರಿಯ ಮೈಮುಟ್ಟಿದರೆ ಅವನ ದೇಶದ ದೂತ ಬಂದು ದಂಡ ಕೇಳುತ್ತಿದ್ದ. ಆದರೂ ಒಳನಾಡಿನ ದಾರಿಗಳಲ್ಲಿ ಈ ರಕ್ಷೆ ಯಾವಾಗಲೂ ಕೆಲಸ ಮಾಡಲಿಲ್ಲ. 1898ರ ನವೆಂಬರಿನಲ್ಲಿ ಗುಯ್‌ಝೌ ಪ್ರಾಂತದ ಪಾಂಗ್‌ಹಾಯ್ ಬಳಿ ವಿಲಿಯಂ ಫ್ಲೆಮಿಂಗ್ ಎಂಬ ಪಾದ್ರಿಯನ್ನೂ ಅವನ ಜೊತೆಗಿದ್ದ ಪಾನ್ ಷೌಷಾನ್ ಎಂಬ ಮಿಯಾವ್ ಕ್ರೈಸ್ತನನ್ನೂ ಕಡಿದು ಕೊಂದರು. ಅವನನ್ನು ಕಳಿಸಿದ್ದ ಚೀನಾ ಇನ್‌ಲ್ಯಾಂಡ್ ಮಿಶನ್ನಿನ ಚರಿತ್ರೆಗಳು ಫ್ಲೆಮಿಂಗನನ್ನು ತಮ್ಮ ಮೊದಲ ಹುತಾತ್ಮನೆಂದು ಎಣಿಸುತ್ತವೆ. ಅದೇ ದಾರಿಯಲ್ಲಿ ಬಿದ್ದ ಪಾನ್ ಷೌಷಾನನಿಗೆ ಯಾವ ದೂತನ ರಕ್ಷೆಯೂ ಇರಲಿಲ್ಲ. ಮುಂದಿನ ಕಥೆಯುದ್ದಕ್ಕೂ ಇದೇ ತೂಕ ನಡೆಯುತ್ತದೆ: ವಿದೇಶಿಗೆ ಏಟು ಬಿದ್ದರೆ ಅದು ಸುದ್ದಿ, ಮಿಯಾವನಿಗೆ ಬಿದ್ದರೆ ಅದು ನಿತ್ಯದ ಬಾಳು.

ಸ್ಯಾಮ್ಯುಯೆಲ್ ಪೋಲಾರ್ಡ್ ಹುಟ್ಟಿದ್ದು 1864ರಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಕ್ಯಾಮೆಲ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ. ತಂದೆ ಬೈಬಲ್ ಕ್ರಿಶ್ಚಿಯನ್ ಎಂಬ ಮೆಥಡಿಸ್ಟ್ ಕವಲಿನ ಬೋಧಕ. ರೈತಾಪಿ ಜನರ, ಗಣಿ ಕಾರ್ಮಿಕರ ನಡುವೆ ಬೆಳೆದ ಈ ಪಂಗಡ ಹೆಂಗಸರಿಗೂ ವೇದಿಕೆಯೇರಿ ಬೋಧಿಸುವ ಅವಕಾಶ ಕೊಟ್ಟಿತ್ತು. ಪೋಲಾರ್ಡ್ ಲಂಡನ್ನಿನಲ್ಲಿ ಸರಕಾರಿ ಗುಮಾಸ್ತಿಕೆ ಹಿಡಿದ. ನೆಮ್ಮದಿಯ ಕೆಲಸ, ಮುಂದೆ ಪಿಂಚಣಿ. ಅದನ್ನು ಬಿಟ್ಟು 1887ರಲ್ಲಿ ಗೆಳೆಯ ಫ್ರಾಂಕ್ ಡೈಮಂಡನೊಂದಿಗೆ ಚೀನಾಕ್ಕೆ ಹಡಗು ಹತ್ತಿದ. ಯಾಂಗ್‌ತ್ಸೆ ನದಿಯ ರಭಸಕ್ಕೆ ದೋಣಿ ಮಗುಚಿ, ಜೀವವೊಂದು ಉಳಿದು, 1888ರಲ್ಲಿ ಯುನ್ನಾನ್ ಮುಟ್ಟಿದ. ಮುಂದಿನ ಹದಿನಾರು ವರ್ಷ ಚೀನೀ ಉಡುಗೆ ತೊಟ್ಟು ಸಂತೆಬೀದಿಗಳಲ್ಲಿ ಬೋಧಿಸಿದ. ಕೇಳಿದವರು ಬಹಳ, ಸೇರಿದವರು ಅತ್ಯಲ್ಪ. ಝಾವೋತೊಂಗ್ ಸುತ್ತ ಗಸಗಸೆಯ ಹೊಲಗಳು ಹಬ್ಬಿದ್ದವು. ಅಫೀಮು ನುಂಗಿ ಸಾಯಲು ಹೊರಟವರ ಮನೆಗೆ ನಡುರಾತ್ರಿ ಓಡಿ ಹೋಗಿ ವಾಂತಿ ಮಾಡಿಸಿ ಬದುಕಿಸುವುದೇ ಅವನಿಗೂ ಅವನ ಹೆಂಡತಿ ಎಮಿಗೂ ಆ ವರ್ಷಗಳ ದೊಡ್ಡ ಕೆಲಸವಾಯಿತು. ಅಫೀಮಿಗಾಗಿ ಯುದ್ಧ ಹೂಡಿದ ದೇಶದ ಮಗನಿಗೆ ಒದಗಿದ ಕೆಲಸವಿದು.

ಇತ್ತ ಗುಯ್‌ಝೌ ಪ್ರಾಂತದ ಅನ್‌ಶುನ್ ನಗರದಲ್ಲಿ ಜೇಮ್ಸ್ ಆಡಂ ಎಂಬ ಸ್ಕಾಟ್ಲೆಂಡಿನ ಪಾದ್ರಿಯಿದ್ದ. ಕಾಡುಹಂದಿ ಬೇಟೆಗೆ ಬಂದಿದ್ದ ಕೆಲವು ಹೂ ಮಿಯಾವರು ಅವನ ಕಣ್ಣಿಗೆ ಬಿದ್ದರು. ಆತ ಕರೆದು ಮಾತಾಡಿಸಿದ, ಉಪಚರಿಸಿದ. ಮಿಯಾವರನ್ನು ಮನುಷ್ಯರಂತೆ ಮಾತಾಡಿಸುವವನೊಬ್ಬನಿದ್ದಾನೆಂಬ ಸುದ್ದಿ ಬೆಟ್ಟದಿಂದ ಬೆಟ್ಟಕ್ಕೆ ಹಬ್ಬಿತು. ದೂರದ ವೀನಿಂಗ್ ಸೀಮೆಯಿಂದಲೂ ದಿನಗಟ್ಟಲೆ ನಡೆದು ಜನ ಬರತೊಡಗಿದರು. ಅಷ್ಟು ದೂರ ಬರುವ ಬದಲು ನಿಮಗೆ ಹತ್ತಿರದ ಝಾವೋತೊಂಗ್‌ನಲ್ಲೇ ಒಬ್ಬನಿದ್ದಾನೆ, ಅವನಲ್ಲಿಗೆ ಹೋಗಿ ಎಂದು ಆಡಂ ದಾರಿ ತೋರಿದ. ಎರಡು ಬೇರೆ ಪಂಗಡದ ಪಾದ್ರಿಗಳಲ್ಲಿ ಇಂಥ ಔದಾರ್ಯ ಅಂದಿಗೂ ಇಂದಿಗೂ ಅಪರೂಪ.

1904ರ ಜುಲೈ 12ರಂದು ನಾಲ್ವರು ಮಿಯಾವರು ಪೋಲಾರ್ಡನ ಬಾಗಿಲಿಗೆ ಬಂದರು. ನೋಡಿಕೊಂಡು ಹೋಗಲು ಬಂದವರು ಅವರು. ನೋಡಿಕೊಂಡು ಹೋದರು. ಬಳಿಕ ಐವರು ಬಂದರು, ಹದಿಮೂರು ಮಂದಿ ಬಂದರು, ಇಪ್ಪತ್ತು, ಅರವತ್ತು, ನೂರು. ಕಡೆಗೆ ಒಂದೇ ದಿನ ಸಾವಿರ ಮಂದಿ ಬಂದದ್ದೂ ಉಂಟು. ಪ್ರತಿಯೊಬ್ಬನ ಹೆಗಲಲ್ಲಿ ಹುರಿದ ಓಟ್ಸಿನ ಹಿಟ್ಟಿನ ಚೀಲ. ನೀರಿನಲ್ಲಿ ಕಲಸಿ ತಿಂದು, ಅಂಗಳದಲ್ಲೋ ಪಡಸಾಲೆಯಲ್ಲೋ ಜಾಗ ಸಿಕ್ಕಲ್ಲಿ ಒರಗಿ, ಬೆಳಕು ಹರಿಯುವ ಮೊದಲೇ ಎದ್ದು ಪಾಠ ಕೇಳುತ್ತಿದ್ದರು. ಮಳೆಯಲ್ಲಿ ನೆನೆದ ಸೆಣಬಿನ ಬಟ್ಟೆ, ತೊಳೆಯದ ಮೈ, ಹೇನು, ಕಜ್ಜಿ ಇವುಗಳಿಂದ ಮನೆ ನಾರುತ್ತಿತ್ತೆಂದು ಪೋಲಾರ್ಡ್ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಹದಿನಾರು ವರ್ಷ ತಾನೇ ಅಲೆದು ಹುಡುಕಿದ ಕೇಳುಗರು ಈಗ ಅವನನ್ನೇ ಹುಡುಕಿಕೊಂಡು ಬಂದಿದ್ದರು. ಆತ ನಿದ್ದೆಗೆಟ್ಟ.

ಅವರು ಕೇಳಿದ್ದೇನು? ಓದಲು ಕಲಿಸು ಎಂದು ಕೇಳಿದರು. ಆಗಿನ್ನೂ ಮಿಯಾವ್ ಮಾತಿಗೆ ಲಿಪಿಯಿರಲಿಲ್ಲ. ಚೀನೀ ಪುಸ್ತಕವನ್ನೇ ತೋರಿಸಿ, ಅಕ್ಷರಕ್ಕೆ ಅಕ್ಷರ ಬಾಯಿಪಾಠ ಮಾಡಿಸಬೇಕಿತ್ತು. ಮುಪ್ಪಿನವರೂ ಮಕ್ಕಳೊಂದಿಗೆ ಕೂತು ಗಟ್ಟಿಯಾಗಿ ಓದಿದರು. ಇದನ್ನು ಭಕ್ತಿಯ ಬಿರುಗಾಳಿಯೆಂದು ಮಿಶನ್ನಿನ ಬರಹಗಾರರು ಬಣ್ಣಿಸಿದರು. ಭಕ್ತಿಯೂ ಇತ್ತು, ಸಂಶಯವಿಲ್ಲ. ಆದರೆ ಯೇಸುವೇ ತಮ್ಮ ಹಳೆಯ ಅರಸನೆಂದು ಕೆಲವರು ತಿಳಿದರು, ಕಳೆದ ಪುಸ್ತಕ ಮರಳಿ ಸಿಕ್ಕಿತೆಂದು ಹಲವರು ತಿಳಿದರು, ಒಡೆಯನ ಕೈ ತಡೆಯಬಲ್ಲವನೊಬ್ಬ ದೊರಕಿದನೆಂದು ಎಲ್ಲರೂ ತಿಳಿದರು. ಈ ಮೂರನ್ನೂ ಬಿಟ್ಟು ಬರಿಯ ಬೋಧನೆಯ ಬಲದಿಂದ ಇಂಥ ಜನಪ್ರವಾಹ ಹರಿಯಿತೆಂದರೆ, ಅದೇ ಬೋಧನೆ ಹದಿನಾರು ವರ್ಷ ಚೀನೀ ಸಂತೆಗಳಲ್ಲಿ ಬರಡಾದದ್ದೇಕೆಂಬ ಪ್ರಶ್ನೆಗೆ ಉತ್ತರ ಸಿಗದು.

ಒಡೆಯರಿಗೆ ಅರ್ಥವಾಗದೆ ಇರಲಿಲ್ಲ. ಗೇಣಿದಾರ ಹೊಲ ಬಿಟ್ಟು ಪಟ್ಟಣಕ್ಕೆ ನಡೆದರೆ ಮೊದಲು ಕೆಲಸ ಕೆಡುತ್ತದೆ; ಓದಿ ಮರಳಿದರೆ ಗೇಣಿಯ ಲೆಕ್ಕ ಕೇಳುತ್ತಾನೆ. ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ಸಂತೆಗಳಲ್ಲಿ ಒಂದು ಗಾಳಿಸುದ್ದಿ ಎದ್ದಿತು: ಮಿಯಾವರು ವಿದೇಶಿಯಿಂದ ವಿಷ ತರುತ್ತಿದ್ದಾರೆ, ಬಾವಿಗಳಿಗೆ ಹಾಕಿ ಚೀನೀಯರನ್ನೂ ನೋಸುಗಳನ್ನೂ ಕೊಲ್ಲಲಿದ್ದಾರೆ. ದಾರಿಯಲ್ಲಿ ಸಿಕ್ಕ ಮಿಯಾವರನ್ನು ತಡೆದು ಚೀಲ ಜಾಲಾಡಿದರು. ಹೊಡೆದರು, ಕಟ್ಟಿಹಾಕಿದರು, ದನಕುರಿ ಹೊಡೆದುಕೊಂಡು ಹೋದರು. ಸುಲಿಗೆ, ಬಿಡುಗಡೆಯ ಹಣ, ಹೊಲ ಬಿಡಿಸುವ ಬೆದರಿಕೆ ಹಳ್ಳಿಯಿಂದ ಹಳ್ಳಿಗೆ ನಡೆದವು. ಇಷ್ಟಾದರೂ ಬರುವವರು ನಿಲ್ಲಲಿಲ್ಲ. ಹಗಲು ಬರುತ್ತಿದ್ದವರು ರಾತ್ರಿ ಬಂದರು, ಹೆದ್ದಾರಿ ಬಿಟ್ಟು ಕುರಿದಾರಿ ಹಿಡಿದರು.

ಆಗ ಪೋಲಾರ್ಡ್ ಅಧಿಕಾರಿಗಳನ್ನು ಕಂಡು, ಮಿಯಾವರನ್ನು ಪೀಡಿಸಕೂಡದೆಂಬ ಪ್ರಕಟಣೆ ಹೊರಡಿಸಿಕೊಂಡು, ಅದನ್ನು ಸಂತೆಗಳಲ್ಲಿ ಅಂಟಿಸುತ್ತ ಸುತ್ತಾಡಿದ. ನೋಸು ಒಡೆಯರ ಮನೆಗಳಿಗೇ ಹೋಗಿ ಅವರ ಅಂಗಳದಲ್ಲಿ ಕೂತು, ಅವರು ಕೊಟ್ಟದ್ದನ್ನು ಉಂಡು, ಕೆಲವರನ್ನು ಒಲಿಸಿ ಕೆಲವರನ್ನು ಅಂಜಿಸಿದ. ಇಲ್ಲಿ ಬೋಧಕನಿಗಿಂತ ವಕೀಲನೇ ಹೆಚ್ಚು ಕಾಣುತ್ತಾನೆ. ಬ್ರಿಟಿಷ್ ಪ್ರಜೆಯೆಂಬ ಮುದ್ರೆ ಇಲ್ಲದಿದ್ದರೆ ಆ ವಕೀಲನ ಮಾತಿಗೆ ಯಾವ ಒಡೆಯನೂ ಬಾಗಿಲು ತೆರೆಯುತ್ತಿರಲಿಲ್ಲ. ಆ ಮುದ್ರೆಯನ್ನು ಆತ ತನ್ನ ದೇಶದ ವ್ಯಾಪಾರಿಗಳಿಗಾಗಿ ಬಳಸದೆ ಗೇಣಿದಾರರಿಗಾಗಿ ಬಳಸಿದ ಎಂಬುದೂ ಅಷ್ಟೇ ದಿಟ.

1905ರಲ್ಲಿ ಆನ್ ಮನೆತನದ ನೋಸು ಒಡೆಯನೊಬ್ಬ ತನ್ನ ಜಮೀನಿನಲ್ಲಿ ಹತ್ತು ಎಕರೆಯಷ್ಟು ಬೆಟ್ಟದ ಬದಿಯನ್ನು ಕೊಟ್ಟ. ಬಂಡೆಗಳ ನಡುವೆ ಮೆಟ್ಟಿಲು ಕೊರೆದ ಕಣಿವೆಯ ದಾರಿಯಿದ್ದುದರಿಂದ ಆ ಸ್ಥಳಕ್ಕೆ ಷಿಮೆನ್‌ಕಾನ್, ಕಲ್ಬಾಗಿಲು, ಎಂದು ಹೆಸರು. ಒಡೆಯನ ಮನಸ್ಸು ಕರಗಿತೋ, ಗದ್ದಲವನ್ನು ಒಂದು ಮೂಲೆಗೆ ಸೇರಿಸುವ ಜಾಣತನವೋ, ಎರಡೂ ಇದ್ದೀತು. ಮಿಯಾವರು ತಮ್ಮ ತಮ್ಮಲ್ಲೇ ಕಾಸು ಕೂಡಿಸಿ, ಮರ ಹೊತ್ತು, ಕಲ್ಲು ಹೊತ್ತು ಅಲ್ಲಿ ಒಂದು ಪ್ರಾರ್ಥನಾಮಂದಿರ ಕಟ್ಟಿದರು. ಬೆನ್ನಿಗೇ ಶಾಲೆ ಎದ್ದಿತು. ಪಟ್ಟಣಕ್ಕೆ ನಡೆಯುವುದು ತಪ್ಪಿತು.

ಲಿಪಿ ಹುಟ್ಟಿದ್ದು ಇದೇ ಕಾಲದಲ್ಲಿ. ಪೋಲಾರ್ಡನ ಹೆಸರಿನಲ್ಲಿ ಅದು ಲೋಕಪ್ರಸಿದ್ಧವಾಗಿದೆ; ಆದರೆ ಆ ಮಾತಿನ ದನಿಗಳನ್ನು ಬಿಡಿಸಿ ತೋರಿದವರು ಯಾಂಗ್ ಯಾಗೆ ಮೊದಲಾದ ಮಿಯಾವರು, ಜೊತೆಗೆ ದುಡಿದವನು ಲೀ ಸ್ಟೀಫನ್ ಎಂಬ ಚೀನೀ ಕ್ರೈಸ್ತ. ಆ-ಹ್ಮಾವ್ ಮಾತಿನಲ್ಲಿ ದನಿಯ ಏರಿಳಿತ ಬದಲಾದರೆ ಅರ್ಥವೇ ಬದಲಾಗುತ್ತದೆ. ಇದನ್ನು ಬರಹದಲ್ಲಿ ಹಿಡಿಯುವುದು ಹೇಗೆ? ಕೆನಡಾದಲ್ಲಿ ಜೇಮ್ಸ್ ಇವಾನ್ಸ್ ಎಂಬ ಮೆಥಡಿಸ್ಟ್ ಪಾದ್ರಿ 1840ರ ಸುಮಾರಿಗೆ ಕ್ರೀ ಎಂಬ ಮೂಲನಿವಾಸಿಗಳಿಗಾಗಿ ಕಟ್ಟಿದ ಲಿಪಿ ಪೋಲಾರ್ಡನ ನೆನಪಿಗೆ ಬಂತು. ಕಾಗುಣಿತ ಬಲ್ಲ ಕನ್ನಡಿಗರಿಗೆ ಹೊಸ ಲಿಪಿಯ ಏರ್ಪಾಟು ಥಟ್ಟನೆ ಹೊಳೆದೀತು: ಒಂದು ದೊಡ್ಡ ವ್ಯಂಜನ, ಅದಕ್ಕೆ ಅಂಟಿ ಒಂದು ಸಣ್ಣ ಸ್ವರಚಿಹ್ನೆ. ಆ ಚಿಹ್ನೆ ವ್ಯಂಜನದ ನೆತ್ತಿಯಲ್ಲಿ ಕೂತರೆ ಒಂದು ದನಿ, ಪಕ್ಕದಲ್ಲಿ ನಿಂತರೆ ಇನ್ನೊಂದು, ಬುಡಕ್ಕೆ ಇಳಿದರೆ ಮತ್ತೊಂದು. ಸ್ವರದ ಏರಿಳಿತಕ್ಕೆ ಬೇರೆ ಗುರುತೇ ಬೇಡವಾಯಿತು. ಇವಾನ್ಸನ ಲಿಪಿಯ ಮೇಲೆ ಶೀಘ್ರಲಿಪಿಯ ಜೊತೆಗೆ ದೇವನಾಗರಿಯ ಪ್ರಭಾವವೂ ಇದೆಯೆಂದು ವಿದ್ವಾಂಸರು ಹೇಳುತ್ತಾರೆ. ಹಾಗಾದರೆ ಬ್ರಾಹ್ಮಿಯ ಒಂದು ಎಳೆ ಕೆನಡಾದ ಹಿಮ ದಾಟಿ ವುಮೆಂಗ್ ಬೆಟ್ಟಗಳಿಗೆ ಬಂದಂತಾಯಿತು. ಮಿಯಾವರಿಗೆ ಈ ವಂಶಾವಳಿ ಬೇಕಿರಲಿಲ್ಲ. ಅಕ್ಷರಗಳಲ್ಲಿ ಕೆಲವು ತಮ್ಮ ಹೆಂಗಸರ ಉಡುಗೆಯ ಚಿತ್ತಾರದಿಂದಲೇ ಬಂದವೆಂದು ಅವರು ನಂಬಿದರು. ಹೊಳೆಯಲ್ಲಿ ಕಳೆದದ್ದು ಸಿಕ್ಕಿತು ಎಂದರು.

ನಮ್ಮ ಕಡೆಗೆ ಬಂದ ಬಾಸೆಲ್ ಮಿಶನ್ನಿನವರ ಸ್ಥಿತಿ ಬೇರೆ. 1834ರಲ್ಲಿ ಮಂಗಳೂರಿಗೆ ಇಳಿದವರಿಗೆ ಸಾವಿರ ವರ್ಷದ ಕಾವ್ಯಪರಂಪರೆಯುಳ್ಳ ಕನ್ನಡ ಎದುರಾಯಿತು. ಅವರೇ ಶಿಷ್ಯರಾಗಿ ಕೂತು ಕಲಿತರು, ಕಲಿತದ್ದರಿಂದ ಕಿಟೆಲ್ಲನ ನಿಘಂಟು ಹುಟ್ಟಿತು. ಷಿಮೆನ್‌ಕಾನಿನಲ್ಲಿ ಓಲೆಗರಿಯಿಲ್ಲ, ಪಂಡಿತರಿಲ್ಲ. ಹಾಗೆಂದು ಅಲ್ಲಿ ಪರಂಪರೆಯೇ ಇರಲಿಲ್ಲವೆಂದು ಬಗೆದದ್ದು ಪಾದ್ರಿಗಳ ದೊಡ್ಡ ತಪ್ಪು. ಹರೆಯದವರು ಬೆಟ್ಟದ ನೆತ್ತಿಯಲ್ಲಿ ಕೂಡಿ ಹಾಡಿ ಕುಣಿದು ಜೊತೆಗಾರರನ್ನು ಆರಿಸಿಕೊಳ್ಳುವ ಹಬ್ಬವನ್ನು ಅವರು ನಿಲ್ಲಿಸಿದರು. ಬಿದಿರಿನ ವಾದ್ಯವನ್ನು ಕೆಳಗಿಡಿಸಿದರು. ಹೆಂಡ ಬಿಡಿಸಿದಂತೆ ಹಾಡನ್ನೂ ಬಿಡಿಸಿದರು. ಚೀನೀ ಪಂಚಾಂಗದ ಐದನೆಯ ತಿಂಗಳ ಐದನೆಯ ದಿನ ಓಟ, ಜಿಗಿತ, ಕಾಲ್ಚೆಂಡು ಆಟಗಳ ಮೇಳ ಹೂಡಿ ಹಬ್ಬದ ಜಾಗ ತುಂಬಿದರು. ಮೇಳಕ್ಕೆ ಜನ ಕಿಕ್ಕಿರಿದರು, ನಿಜ. ಆದರೆ ಶತಮಾನಗಳ ನಡೆದಾಟವನ್ನೂ ಸೋಲುಗಳನ್ನೂ ಹಿಡಿದಿಟ್ಟ ಹಳೆಯ ಹಾಡುಗಳು ಎಷ್ಟೋ ಮನೆಗಳಲ್ಲಿ ಒಂದೇ ತಲೆಮಾರಿಗೆ ಬಾಯಿಂದ ಬಿದ್ದುಹೋದವು. ಬರೆಯಲು ಲಿಪಿ ಕೊಟ್ಟವರೇ ಬರೆದಿಡಬೇಕಾದದ್ದನ್ನು ಮೌನಗೊಳಿಸಿದರು.

1907ರಲ್ಲಿ ಏಟು ಪೋಲಾರ್ಡನಿಗೇ ಬಿತ್ತು. ಬೆಟ್ಟದ ಹಳ್ಳಿಯೊಂದಕ್ಕೆ ಹೋಗಿದ್ದಾಗ ಗುಂಪೊಂದು ರಾತ್ರಿ ಸುತ್ತುವರಿದು, ಎಳೆದೊಯ್ದು, ಸಾಯುವಷ್ಟು ಬಡಿಯಿತು. ಮಿಯಾವರು ಹೊತ್ತು ತಂದರು. ತಿಂಗಳುಗಟ್ಟಲೆ ಮಲಗಿದ, ಮುಂಚಿನ ದೇಹಬಲ ಮತ್ತೆ ಬರಲಿಲ್ಲ. ಆದರೂ ಊರಿಗೆ ಹೋಗಿ ಚೇತರಿಸಿಕೊಂಡು ಮರಳಿ ಬಂದು, ಹೊಸ ಒಡಂಬಡಿಕೆಯ ಅನುವಾದಕ್ಕೆ ಕೂತ. 1915ರ ಆಗಸ್ಟಿನಲ್ಲಿ ಅನ್‌ಶುನ್‌ನ ಆಡಂ ಸಿಡಿಲು ಬಡಿದು ಸತ್ತ. ಅದರ ಮರುತಿಂಗಳು ಷಿಮೆನ್‌ಕಾನಿನಲ್ಲಿ ವಿಷಮಶೀತ ಜ್ವರ ಹಬ್ಬಿತು. ರೋಗಿಗಳ ಆರೈಕೆಗೆ ನಿಂತ ಪೋಲಾರ್ಡ್ ತಾನೂ ಅದೇ ಜ್ವರಕ್ಕೆ ಸಿಕ್ಕಿ, ಐವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡ. ಶಾಲೆಯ ಮೇಲಿನ ಗುಡ್ಡದಲ್ಲಿ ಮಿಯಾವರೇ ಹೂತರು. ಎರಡು ವರ್ಷದ ಬಳಿಕ, 1917ರಲ್ಲಿ, ಹೊಸ ಒಡಂಬಡಿಕೆ ಜಪಾನಿನ ಯೊಕೊಹಾಮದಲ್ಲಿ ಅಚ್ಚಾಗಿ ಬೆಟ್ಟಕ್ಕೆ ಬಂತು.

ಮುಂದಿನ ಮೂವತ್ತು ವರ್ಷಗಳ ಷಿಮೆನ್‌ಕಾನ್, ನನ್ನ ಮಟ್ಟಿಗೆ, ಪೋಲಾರ್ಡನ ಕಾಲಕ್ಕಿಂತ ಹೆಚ್ಚಿನದು. ವು ಷಿಂಗ್‌ಚುನ್ ಎಂಬ ಹುಡುಗ ಚೆಂಗ್ಡು ನಗರದ ವೆಸ್ಟ್ ಚೈನಾ ಯೂನಿಯನ್ ವಿಶ್ವವಿದ್ಯಾಲಯದಲ್ಲಿ ವೈದ್ಯ ಓದಿ 1929ರಲ್ಲಿ ಊರಿಗೆ ಮರಳಿದ. ತನ್ನ ಜನದಲ್ಲಿ ಮೊದಲ ವೈದ್ಯ. ಝೂ ಹುವಾನ್‌ಝಾಂಗ್ ಅಲ್ಲೇ ಪದವಿ ಪಡೆದು ಬಂದು, ರೈತರ ರಾತ್ರಿಶಾಲೆಗೆ ಪಠ್ಯ ಬರೆದ, 1943ರಲ್ಲಿ ಪ್ರೌಢಶಾಲೆ ತೆರೆದ. 1946ರಲ್ಲಿ ರಾಷ್ಟ್ರೀಯ ಸಭೆಯ ಪ್ರತಿನಿಧಿಯಾಗಿ ನಾನ್‌ಜಿಂಗಿಗೆ ಹೋದಾಗ ಆಗ ದೇಶವಾಳುತ್ತಿದ್ದ ಚಿಯಾಂಗ್ ಕೈ-ಷೆಕ್ ಕಂಡು ಮಾತಾಡಿ ಹುದ್ದೆ ಕೊಡಮಾಡಿದ. ಝೂ ಬೇಡವೆಂದು ಶಾಲೆಗೆ ಮರಳಿದ. ಈ ನಡುವೆ 1938ರಲ್ಲಿ ದರೋಡೆಕೋರರು ಹೀಬರ್ ಗೋಲ್ಡ್ಸ್‌ವರ್ದಿ ಎಂಬ ಪಾದ್ರಿಯನ್ನು ಷಿಮೆನ್‌ಕಾನಿನ ಮನೆಯಲ್ಲೇ ಕೊಂದರು.

1949ರಲ್ಲಿ ಆಳ್ವಿಕೆ ಚಿಯಾಂಗನ ಕೈಯಿಂದ ಕಮ್ಯುನಿಸ್ಟರ ಕೈಗೆ ಬದಲಾಯಿತು. ನೋಸು ಒಡೆಯರ ಭೂಮಿ ಹರಿದು ಹಂಚಿಹೋಯಿತು. ಮಿಯಾವರಿಗೆ ಕೊನೆಗೂ ನೆಲ ಸಿಕ್ಕಿತು. ಇದನ್ನು ಯಾವ ಪಾದ್ರಿಯೂ ಮಾಡಿಕೊಟ್ಟಿರಲಿಲ್ಲ. ವಿದೇಶಿಯರು ಒಬ್ಬೊಬ್ಬರಾಗಿ ದೇಶ ಬಿಟ್ಟರು. ಉಳಿದವರ ಮೇಲೆ ಸಂಶಯ ಬಿತ್ತು. ಚಿಯಾಂಗನ ಕೈ ಕುಲುಕಿದ ತಪ್ಪಿಗೆ, ಮಿಶನ್ನಿನ ಹಣದಲ್ಲಿ ಓದಿದ ತಪ್ಪಿಗೆ ಝೂ ಹುವಾನ್‌ಝಾಂಗ್ ವಿಚಾರಣೆಗೆ ಗುರಿಯಾದ. 1955ರಲ್ಲಿ ತನ್ನ ಜೀವ ತಾನೇ ತೆಗೆದುಕೊಂಡ. ಹನ್ನೊಂದು ವರ್ಷದ ಬಳಿಕ ಎದ್ದ ಸಾಂಸ್ಕೃತಿಕ ಕ್ರಾಂತಿ ಪೋಲಾರ್ಡನ ಸಮಾಧಿಯನ್ನೂ ಒಡೆಯಿತು.

ಷಿಮೆನ್‌ಕಾನಿನಿಂದ ದಕ್ಷಿಣಕ್ಕೆ ಬಹುದೂರ, ಯುನ್ನಾನ್ ಪ್ರಾಂತದ ವುದಿಂಗ್ ಜಿಲ್ಲೆಯಲ್ಲಿ ಸಾಪುಶಾನ್ ಎಂಬ ಬೆಟ್ಟವಿದೆ. 1906ರಲ್ಲಿ ಆರ್ಥರ್ ನಿಕೋಲ್ಸ್ ಎಂಬ ಆಸ್ಟ್ರೇಲಿಯಾದವನು ಅಲ್ಲಿನ ಮಿಯಾವರ ನಡುವೆ ನೆಲೆಯೂರಿದ್ದ. ಅದೇ ಲಿಪಿ, ಅದೇ ಪುಸ್ತಕ. ಅಲ್ಲಿನ ಮಿಶನ್ ಶಾಲೆಯಲ್ಲಿ ಓದಿ, ಹತ್ತು ವರ್ಷ ಕಲಿಸಿ, 1944ರಲ್ಲಿ ಅಲ್ಲಿನ ಕ್ರೈಸ್ತಸಭೆಯ ಅಧ್ಯಕ್ಷನಾಗಿ, 1951ರಲ್ಲಿ ಪಾದ್ರಿದೀಕ್ಷೆ ಪಡೆದವನು ವಾಂಗ್ ಝಿಮಿಂಗ್ ಎಂಬ ಮಿಯಾವ. ಹೊಸ ಸರಕಾರದೊಂದಿಗೆ ಆತ ಹಗೆ ಕಟ್ಟಲಿಲ್ಲ, ಅದರ ಕಾನೂನಿಗೆ ನಿಷ್ಠನಾಗಿಯೇ ಇದ್ದ. ಭೂಮಾಲೀಕರನ್ನು ಊರ ನಡುವೆ ನಿಲ್ಲಿಸಿ ಅವಮಾನಿಸುವ ಸಭೆಗಳಿಗೆ ಮಾತ್ರ ಬರಲಾರೆನೆಂದ. ಆ ಮಾಲೀಕರ ಹಿಂದಿನವರು ತನ್ನ ಹಿಂದಿನವರನ್ನು ಏನು ಮಾಡಿದ್ದರೆಂದು ತಿಳಿಯದ ಮಿಯಾವ ಆ ಬೆಟ್ಟದಲ್ಲಿ ಯಾರೂ ಇರಲಿಲ್ಲ. ಇಡೀ ಕಥೆಯಲ್ಲಿ ಕ್ರೈಸ್ತನಾಗುವುದೆಂದರೆ ಏನೆಂದು ತೋರಿಸಿದ ಗಳಿಗೆ ಯಾವುದೆಂದು ಕೇಳಿದರೆ, ನಾನು ಸಾವಿರ ಜನ ಬಂದ ದಿನವನ್ನು ಬಿಟ್ಟು ಈ ನಿರಾಕರಣೆಯನ್ನೇ ತೋರಿಸುತ್ತೇನೆ.

1969ರ ಮೇ ತಿಂಗಳಲ್ಲಿ ವಾಂಗ್, ಹೆಂಡತಿ ಮಕ್ಕಳೊಂದಿಗೆ, ಸೆರೆಯಾದ. 1973ರ ಡಿಸೆಂಬರ್ 29ರಂದು, ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರಿಸಿದ ಸಭೆಯ ಮುಂದೆ ನಿಲ್ಲಿಸಿ, ಅರವತ್ತಾರರ ಆ ಮುದುಕನಿಗೆ ಮರಣದಂಡನೆ ಜಾರಿಮಾಡಿದರು. 1980ರಲ್ಲಿ ಸರಕಾರವೇ ಶಿಕ್ಷೆ ತಪ್ಪೆಂದು ಒಪ್ಪಿ ಮನೆಯವರಿಗೆ ಪರಿಹಾರ ಕೊಟ್ಟಿತು. 1998ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬಿಯ ಪಶ್ಚಿಮದ್ವಾರದ ಮೇಲೆ ಇಪ್ಪತ್ತನೆಯ ಶತಮಾನದ ಹತ್ತು ಹುತಾತ್ಮರ ಪ್ರತಿಮೆಗಳನ್ನು ನಿಲ್ಲಿಸಿದಾಗ, ಮಾರ್ಟಿನ್ ಲೂಥರ್ ಕಿಂಗ್, ಬಾನ್‌ಹಾಫರ್, ರೊಮೆರೊ ಇವರ ಸಾಲಿನಲ್ಲಿ ವಾಂಗ್ ಝಿಮಿಂಗನದೂ ಇತ್ತು. ಆತ ಸತ್ತಾಗ ವುದಿಂಗ್‌ನಲ್ಲಿ ಮೂರು ಸಾವಿರಕ್ಕೂ ಕಡಿಮೆ ಕ್ರೈಸ್ತರಿದ್ದರೆಂದು ಲೆಕ್ಕ. ಮುಂದಿನ ದಶಕಗಳಲ್ಲಿ ಅವರ ಸಂಖ್ಯೆ 30,000ದ ಹತ್ತಿರಕ್ಕೆ ಬೆಳೆಯಿತು. ಆ ವೇಳೆಗೆ ವಿದೇಶಿ ಪಾದ್ರಿಗಳು ಅಲ್ಲಿಂದ ಹೋಗಿ ಮೂವತ್ತು ವರ್ಷಕ್ಕೂ ಹೆಚ್ಚು ಆಗಿಹೋಗಿತ್ತು.